ಪಾರ್ಲರಿನ ಮುಂದೆ ನಿಂತ ಕಾರು

ಬೀದಿಯವರೆಲ್ಲ ಅವಳನ್ನು ಪಾರ್ಲರಕ್ಕ ಎಂದೇ ಕರೆಯುತ್ತಿದ್ದರು. ಎರಡು ಕುರ್ಚಿ, ಗೋಡೆಯಗಲ ಕನ್ನಡಿ, ತಲೆ ತೊಳೆಯಲು ಒಂದು ಬೇಸಿನ್, ಕಾಯುವವರಿಗೊಂದು ಬೆಂಚು, ಇಷ್ಟೇ ಅವಳ ರಾಜ್ಯಭಾರ. ಆದರೂ ದೊಡ್ಡ ರಸ್ತೆಯ ಏಸಿ ಪಾರ್ಲರನ್ನು ದಾಟಿಕೊಂಡು ಹೆಂಗಸರು ಇಲ್ಲಿಗೇ ಬರುತ್ತಿದ್ದರೆ ಅದು ಅವಳ ಕತ್ತರಿಗಿಂತ ಹೆಚ್ಚಾಗಿ ಅವಳ ಮಾತಿಗಾಗಿ. "ತಲೆ ಒಂಚೂರು ಬಗ್ಗಿಸ್ತೀರಾ ಅಮ್ಮಾ? ಹಾಂ, ಸಾಕು ಸಾಕು, ಕತ್ತು ನೋವು ಮಾಡ್ಕೋಬೇಡಿ" ಎಂದು ಅವಳು ಅಂದರೆ, ಮನೆಯಲ್ಲಿ ಜಗಳವಾಡಿಕೊಂಡು ಬಂದವರೂ ಕಣ್ಣು ಮುಚ್ಚಿ ಕುರ್ಚಿಗೆ ಒರಗಿಬಿಡುತ್ತಿದ್ದರು.

ಅದೇ ಪಾರ್ಲರಕ್ಕ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಹತ್ತಿದಳೆಂದರೆ ಮೈಮೇಲೆ ಬಂದವಳ ಹಾಗೆ. ಮುಂದಿನವನು ನಿಧಾನವಾದರೆ ಹಾರ್ನು, ಪಕ್ಕದವನು ಒತ್ತಿದರೆ ಬೈಗುಳ, ಯಾರಾದರೂ ತಿರುಗಿ ಮಾತಾಡಿದರೋ ಮುಗಿಯಿತು. "ನೀನು ಬೈದು ಮುಂದೆ ಹೋಗ್ತೀಯ, ಹಿಂದೆ ಕೂತ ನಾನು ಒದೆ ತಿನ್ನಬೇಕು" ಎಂದು ಅವಳ ಗಂಡ ಅವಳ ಸ್ಕೂಟರ್ ಹತ್ತುವುದನ್ನೇ ಬಿಟ್ಟು ಬಸ್ಸಿನಲ್ಲಿ ಓಡಾಡುತ್ತಿದ್ದ. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಕಂಡಕಂಡವರಿಗೆ "ಆಗಲಿ ಅಮ್ಮಾ, ತಪ್ಪಾಯ್ತು ಅಮ್ಮಾ" ಎಂದು ನುಂಗಿಕೊಂಡದ್ದೆಲ್ಲ ಎಲ್ಲಾದರೂ ಒಂದು ಕಡೆ ಹೊರಗೆ ಬರಬೇಕಲ್ಲ. ರಸ್ತೆಯಲ್ಲಿ ಯಾರಿಗೂ ಅವಳ ಮುಖ ಕಾಣುತ್ತಿರಲಿಲ್ಲ. ಅವಳಿಗೂ ಯಾರ ಮುಖವನ್ನೂ ಮತ್ತೆ ನೋಡಬೇಕಾಗಿರಲಿಲ್ಲ.

ಆ ದಿನ ಅವಳಿಗೆ ಹೊತ್ತಾಗಿತ್ತು. ಸೇತುವೆಯ ಏರಿನಲ್ಲಿ ಅವಳ ಮುಂದೆ ಒಂದು ತಿಳಿನೀಲಿ ಬಣ್ಣದ ಚಿಕ್ಕ ಕಾರು ಆಮೆಯ ಹಾಗೆ ಹೋಗುತ್ತಿತ್ತು. ಏರಿನ ತುದಿಯಲ್ಲಿ ಮಗುವಿನ ತಳ್ಳುಗಾಡಿ ಹಿಡಿದು ನಿಂತಿದ್ದ ಹೆಂಗಸೊಬ್ಬಳು ರಸ್ತೆ ದಾಟಲೆಂದು ಕಾರು ನಿಂತಿತು. ಹೆಂಗಸು ಕೈಯೆತ್ತಿ ನಮಸ್ಕರಿಸಿ ದಾಟಿಯೂ ಆಯಿತು. ಕಾರು ಮಾತ್ರ ಹೊರಡಲಿಲ್ಲ. ಗಕ್ಕೆಂದು ಕೆಮ್ಮಿ ಇಂಜಿನ್ ಆರಿತು. ಮತ್ತೆ ಸ್ಟಾರ್ಟ್ ಆಯಿತು, ಮತ್ತೆ ಆರಿತು, ಅಷ್ಟೇ ಅಲ್ಲದೆ ಒಂದು ಮೊಳದಷ್ಟು ಹಿಂದಕ್ಕೂ ಜಾರಿತು. ಪಾರ್ಲರಕ್ಕ ಹಾರ್ನಿನ ಮೇಲಿಟ್ಟ ಹೆಬ್ಬೆರಳನ್ನು ತೆಗೆಯಲೇ ಇಲ್ಲ. ಅವಳು ಒತ್ತಿದಷ್ಟೂ ಆ ಕಾರು ಕಂಗಾಲಾಗಿ ಮತ್ತೆ ಮತ್ತೆ ಆರಿಹೋಗುತ್ತಿತ್ತು.

ಕೊನೆಗೆ ಅವಳು ಸ್ಕೂಟರನ್ನು ಕಾರಿನ ಪಕ್ಕಕ್ಕೆ ತಂದು ನಿಲ್ಲಿಸಿದಳು. ಗಾಜು ಇಳಿದಿತ್ತು. ಒಳಗೆ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಂತೆ ಹಿಡಿದ ನರೆತಲೆಯ ಗಂಡಸು, ಪಕ್ಕದಲ್ಲಿ ಕಪ್ಪು ಕನ್ನಡಕದ ಹೆಂಗಸು.

"ಏನಜ್ಜಾ, ಸಾಯೋ ವಯಸ್ಸಲ್ಲಿ ನಿನಗ್ಯಾಕೆ ಬೇಕಿತ್ತು ಕಾರು? ಮನೇಲಿ ಮೂಲೆ ಹಿಡಿದು ಕೂರೋಕಾಗಲ್ವಾ?" ಎಂದು ಅವಳು ಕೂಗಿದಳು. ಬಸ್ ಸ್ಟಾಪಿನಲ್ಲಿ ನಿಂತಿದ್ದವರು ಇತ್ತ ತಿರುಗಿದರು. ಯಾರೋ ಕಿಸಕ್ಕೆಂದರು. ಆ ನಗು ಅವಳಿಗೆ ಇನ್ನಷ್ಟು ಉಮೇದು ಕೊಟ್ಟಿತು. ಪಕ್ಕದ ಹೆಂಗಸಿನ ಕಡೆಗೆ ಬಗ್ಗಿ, "ಕಪ್ಪು ಕನ್ನಡಕ ಹಾಕ್ಕೊಂಡು ಮಹಾರಾಣಿ ಥರ ಕೂತಿದೀರಲ್ಲಾ, ಗಂಡ ಮಾಡ್ತಿರೋ ಅವಾಂತರ ನೋಡೋಕೆ ನಿಮಗೂ ಕಣ್ಣಿಲ್ವಾ?" ಎಂದಳು. ಅಷ್ಟು ಸಾಲದೆ, ಹೋಗುವಾಗ ಕಾರಿನ ಹೊರಗನ್ನಡಿಗೆ ಅಂಗೈಯಿಂದ ಪಟ್ಟೆಂದು ಒಂದು ಏಟು ಕೊಟ್ಟಳು. ಕನ್ನಡಿ ಮುರಿದ ರೆಕ್ಕೆಯಂತೆ ಒಳಕ್ಕೆ ಮಡಚಿಕೊಂಡಿತು.

ಪಾರ್ಲರಿಗೆ ಬಂದವಳೇ ಆ ಕಥೆಯನ್ನು ಹೇಳಿದಳು. ಹೇಳಿದಳು ಎನ್ನುವುದಕ್ಕಿಂತ ಆಡಿ ತೋರಿಸಿದಳು. ಅಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದವಳು ಅವಳ ನಾದಿನಿ, ಗಂಡನ ತಂಗಿ. ಅತ್ತಿಗೆ ಬಾಚಣಿಗೆಯನ್ನೇ ಸ್ಟೀರಿಂಗ್ ಮಾಡಿಕೊಂಡು, ಕಣ್ಣು ಪಿಳಿಪಿಳಿ ಬಿಡುತ್ತ, ಇಂಜಿನ್ ಆರಿದಾಗಲೆಲ್ಲ ಮುಂದಕ್ಕೆ ಮುಗ್ಗರಿಸಿ ತೋರಿಸುವಾಗ ನಾದಿನಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೇಸಿನ್ನಿಗೆ ತಲೆ ಕೊಟ್ಟಿದ್ದ ಗಿರಾಕಿ ನಕ್ಕೂ ನಕ್ಕೂ ಕಿವಿಗೆ ನೀರು ಹೋಗಿ ಎದ್ದು ಕೂತಳು.

ಆ ಗಿರಾಕಿ ಹೋದ ಸ್ವಲ್ಪ ಹೊತ್ತಿಗೆ ಪಾರ್ಲರಿನ ಗಾಜಿನ ಬಾಗಿಲಿನಾಚೆ ಅದೇ ತಿಳಿನೀಲಿ ಕಾರು ಬಂದು ನಿಂತಿತು. ಕನ್ನಡಿ ಇನ್ನೂ ಮಡಚಿಕೊಂಡೇ ಇತ್ತು.

ಪಾರ್ಲರಕ್ಕ ಕಾರನ್ನು ಗುರುತಿಸಿದಳು. ಹುಡುಕಿಕೊಂಡು ಜಗಳಕ್ಕೆ ಬಂದರು ಅಂದುಕೊಂಡು, ಬರಲಿ, ನಾನೇನು ಕಮ್ಮಿ ಎಂದು ಸೆರಗು ಸಿಕ್ಕಿಸಿಕೊಂಡಳು. ನರೆತಲೆಯವರು ಇಳಿದರು. ಸುತ್ತು ಹಾಕಿಕೊಂಡು ಬಂದು ಆ ಕಡೆಯ ಬಾಗಿಲು ತೆರೆದರು. ಹೆಂಗಸು ಮೊದಲು ಹೊರಗಿಟ್ಟದ್ದು ಕಾಲನ್ನಲ್ಲ, ಒಂದು ಬಿಳಿ ಕೋಲನ್ನು. ಗಂಡ ಮೊಣಕೈ ಕೊಟ್ಟರು. ಹೆಂಡತಿ ಅದನ್ನು ಹಿಡಿದು, ಮೆಟ್ಟಿಲನ್ನು ಕೋಲಿನಿಂದ ತಡವಿ ತಡವಿ ಹತ್ತಿದರು.

ನಿಮಗೂ ಕಣ್ಣಿಲ್ವಾ ಎಂದಿದ್ದ ಮಾತು ಪಾರ್ಲರಕ್ಕನಿಗೆ ತನ್ನ ಕಿವಿಯಲ್ಲೇ ಕೇಳಿಸಿತು.

"ಬನ್ನಿ, ಬನ್ನಿ" ಎಂದವಳು ನಾದಿನಿ. ಅವಳಿಗಿನ್ನೂ ಏನೂ ಗೊತ್ತಿರಲಿಲ್ಲ.

"ನನ್ನ ತಂಗಿ ಇಲ್ಲಿಗೇ ಬರ್ತಾಳಂತೆ, ತುಂಬ ಹೇಳ್ತಿದ್ಲು ನಿಮ್ಮ ಬಗ್ಗೆ" ಎಂದರು ಕುರ್ಚಿಯಲ್ಲಿ ಕೂತ ಹೆಂಗಸು. "ಕಣ್ಣಿಗೆ ಆಪರೇಷನ್ ಇದೆ ನಂಗೆ. ಆಮೇಲೆ ಎಷ್ಟೋ ದಿನ ತಲೆಗೆ ನೀರು ಹಾಕೋ ಹಾಗಿಲ್ಲ ಅಂದ್ರು. ಈ ಜಡೆ ತೆಗೆದು ಗಿಡ್ಡ ಮಾಡಿಬಿಡಿ."

ಪಾರ್ಲರಕ್ಕ ಬಟ್ಟೆ ಹೊದಿಸಿದಳು. ಜಡೆ ಬಿಚ್ಚಿದಳು. ಬಾಯಿ ಬಿಟ್ಟರೆ ದನಿ ಗುರುತು ಸಿಕ್ಕೀತು ಎಂದು ತುಟಿ ಹೊಲಿದುಕೊಂಡವಳಂತೆ ಇದ್ದಳು. ಆದರೆ ಎಷ್ಟು ಹೊತ್ತು ಹಾಗೆ ಇರಲಾದೀತು? "ಇಷ್ಟುದ್ದ ಸಾಕಾ ಅಮ್ಮಾ?" ಎಂದು ಕೇಳಲೇಬೇಕಾಯಿತು.

"ನನ್ನ ತಂಗಿ ಹೇಳಿದ್ದು ಸುಳ್ಳಲ್ಲ" ಎಂದರು ಅವರು. "ಎಷ್ಟು ಮೆತ್ತಗಿದೆ ನಿಮ್ಮ ದನಿ. ಕೇಳ್ತಿದ್ರೆ ಹಿತ ಆಗುತ್ತೆ."

ಕತ್ತರಿ ಹಿಡಿದ ಕೈ ಅಲ್ಲೇ ನಿಂತುಬಿಟ್ಟಿತು.

ನಾದಿನಿ ಸುಮ್ಮನಿರಲಾರದ ಹುಡುಗಿ. ಇವರನ್ನು ಒಂದೊಂದೇ ಮಾತು ಕೇಳಿ ಎಲ್ಲ ತಿಳಿದುಕೊಂಡಳು. ಆಕೆ ಇಪ್ಪತ್ತೆರಡು ವರ್ಷ ಶಾಲೆಯ ವ್ಯಾನ್ ಓಡಿಸಿದವರು, ಮಕ್ಕಳ ಬಾಯಲ್ಲಿ ವ್ಯಾನಮ್ಮ. ಗಂಡ ಪುಸ್ತಕಗಳಿಗೆ ಬೈಂಡಿಂಗ್ ಮಾಡಿಕೊಂಡಿದ್ದವರು, ಜನ್ಮದಲ್ಲಿ ಸ್ಟೀರಿಂಗ್ ಮುಟ್ಟಿದವರಲ್ಲ. ವ್ಯಾನಮ್ಮನ ಒಂದು ಕಣ್ಣು ಪೂರ್ತಿ ಹೋಗಿ, ಇನ್ನೊಂದಕ್ಕೆ ಬೆಳಕು ಕತ್ತಲೆ ಅಷ್ಟೇ ಗೊತ್ತಾಗುವಂತಾದ ಮೇಲೆ, ಆಸ್ಪತ್ರೆಗೆ ಓಡಾಡಲು ಯಾರನ್ನೂ ಕಾಡಬಾರದೆಂದು ಗಂಡ ಈ ವಯಸ್ಸಿನಲ್ಲಿ ಕಾರು ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದರು.

"ಗೇರ್ ಹಾಕೋದು ನಾನು ಹೇಳ್ತೀನಿ, ಹಾಕೋದು ಅವರು" ಎಂದು ವ್ಯಾನಮ್ಮ ನಕ್ಕರು. "ಇಂಜಿನ್ ಸದ್ದು ಕೇಳಿದ್ರೆ ನಂಗೆ ಗೊತ್ತಾಗುತ್ತಲ್ಲ. ಇವತ್ತೇ ಇನ್‌ಸ್ಟ್ರಕ್ಟರ್ ಇಲ್ಲದೆ ಮೊದಲ್ನೇ ಸಲ ಹೊರಟಿದ್ದು. ಸೇತುವೆ ಹತ್ರ..." ಎಂದವರು ಅಲ್ಲಿಗೇ ನಿಲ್ಲಿಸಿದರು.

"ಬೇಡ ಬಿಡೇ ಅದನ್ನ" ಎಂದರು ಬೆಂಚಿನ ಮೇಲಿದ್ದ ಬೈಂಡರು.

"ಏನಾಯ್ತು ಸೇತುವೆ ಹತ್ರ?" ಎಂದು ನಾದಿನಿ ಕೇಳಿದಳು. ಕೇಳುತ್ತಿದ್ದಂತೆಯೇ ಅವಳ ಕಣ್ಣು ಬಾಗಿಲಿನಾಚೆಯ ಕಾರಿನ ಕಡೆ ಹೋಯಿತು, ಮಡಚಿದ ಕನ್ನಡಿಯ ಮೇಲೆ ನಿಂತಿತು. ಆಮೇಲೆ ಗೋಡೆಯ ಕನ್ನಡಿಯೊಳಗಿಂದ ನಿಧಾನವಾಗಿ ಅತ್ತಿಗೆಯ ಮುಖಕ್ಕೆ ಬಂತು.

"ಏನಿಲ್ಲಮ್ಮ, ದಾರೀಲಿ ಯಾರೋ ಒಬ್ಳು ಬಾಯಿಗೆ ಬಂದ ಹಾಗೆ ಅಂದ್ಲು. ಇವರಿಗೆ ಸಾಯೋ ವಯಸ್ಸು ಅಂದ್ಲು. ನಂಗೆ ಕಣ್ಣಿಲ್ವಾ ಅಂತ ಕೇಳಿದ್ಲು." ವ್ಯಾನಮ್ಮ ಹಗುರಾಗಿ ಹೇಳಲು ನೋಡಿದರು, ಆಗಲಿಲ್ಲ. "ಕೇಳಿದ್ದೇನೋ ನಿಜವೇ ಅನ್ನಿ. ಆದ್ರೆ ಅಲ್ಲಿದ್ದೋರೆಲ್ಲ ನಕ್ಕರಲ್ಲ, ಅದು ಇವರಿಗೆ ತುಂಬ ನೋವಾಯ್ತು."

ನಾದಿನಿ ಕನ್ನಡಿಯಲ್ಲಿ ಅತ್ತಿಗೆಯನ್ನೇ ನೋಡುತ್ತಿದ್ದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾಯುವ ನೋಟ. ಪಾರ್ಲರಕ್ಕನೂ ಬಾಯಿ ತೆರೆದಳು. ಹೇಳಬೇಕೆಂದೇ ತೆರೆದಳು. ಹೊರಗೆ ಬಂದದ್ದು ಮಾತ್ರ ಬೇರೆ.

"ಎಂಥೆಂಥ ಜನ ಇರ್ತಾರೆ ನೋಡಿ ಅಮ್ಮಾ" ಎಂದಳು, ಅದೇ ಮೆತ್ತನೆಯ ದನಿಯಲ್ಲಿ. "ದೊಡ್ಡೋರು ಚಿಕ್ಕೋರು ಅನ್ನೋದಿಲ್ಲ. ಅಂಥೋರ ನಾಲಿಗೆಗೆ ಬರೆ ಹಾಕ್ಬೇಕು."

ನಾದಿನಿ ತಟ್ಟನೆ ತಲೆ ತಗ್ಗಿಸಿ, ಆಗಲೇ ಚೊಕ್ಕಟವಾಗಿದ್ದ ಬೇಸಿನ್ನನ್ನು ಮತ್ತೆ ತಿಕ್ಕತೊಡಗಿದಳು.

ಕೆಲಸ ಮುಗಿಯಿತು. ವ್ಯಾನಮ್ಮ ಗಿಡ್ಡ ಕೂದಲ ಮೇಲೆ ಕೈಯಾಡಿಸಿ, ತಲೆ ಹೂವಿನಷ್ಟು ಹಗುರಾಯಿತೆಂದು ಸಂತೋಷಪಟ್ಟರು. ಬೈಂಡರು ಬಾಗಿಲವರೆಗೆ ಹೋಗಿ, ರಸ್ತೆಯಲ್ಲಿ ಒಂದರ ಹಿಂದೊಂದು ಹೋಗುತ್ತಿದ್ದ ಗಾಡಿಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಹಿಂದಿರುಗಿ ಬಂದು ಕಾರಿನ ಕೀಯನ್ನು ಕನ್ನಡಿಯ ಮುಂದಿನ ಹಲಗೆಯ ಮೇಲಿಟ್ಟರು.

"ಕಾರು ಇಲ್ಲೇ ಇರಲಿ ತಾಯೀ, ನಿಮಗೆ ತೊಂದರೆ ಇಲ್ದಿದ್ರೆ. ಯಾರಾದ್ರೂ ಗೊತ್ತಿರೋರನ್ನ ಕಳಿಸಿ ತರಿಸ್ಕೋತೀನಿ. ನಮ್ಮ ಮನೆ ಸೇತುವೆ ಆಚೆ, ನೀರಿನ ಟ್ಯಾಂಕಿನ ಹಿಂದೆ, ಹಸಿರು ಗೇಟು. ನಾವು ಟ್ಯಾಕ್ಸೀಲಿ ಹೋಗ್ತೀವಿ."

"ಅಯ್ಯೋ, ನಿಧಾನಕ್ಕೆ ಹೋದ್ರಾಯ್ತು ಕಣ್ರೀ" ಎಂದರು ವ್ಯಾನಮ್ಮ.

"ಇಲ್ಲ ಕಣೇ. ನನ್ನಿಂದಾಗಲ್ಲ" ಎಂದರು ಬೈಂಡರು. ಹೆಂಡತಿಗೆ ತಮ್ಮ ಮುಖ ಕಾಣದೆಂದು ಅವರಿಗೆ ಗೊತ್ತಿತ್ತು. ಆದರೂ ಆಚೆ ತಿರುಗಿಕೊಂಡು ಆ ಮಾತು ಹೇಳಿದರು.

ಕಾರು ಪಾರ್ಲರಿನ ಮುಂದೆಯೇ ಉಳಿಯಿತು. ಯಾರೂ ಬರಲಿಲ್ಲ. ದಿನಾ ಬೆಳಿಗ್ಗೆ ಶಟರ್ ಎತ್ತುವಾಗ ಅದು ಬೆನ್ನ ಹಿಂದೆ ಇರುತ್ತಿತ್ತು, ಕೂದಲು ಕತ್ತರಿಸುವಾಗ ಕನ್ನಡಿಯೊಳಗೆ ಇರುತ್ತಿತ್ತು. ಮೊದಲು ಗಾಜಿನ ಮೇಲೆ ಧೂಳು ಕೂತಿತು, ಆಮೇಲೆ ಮರದ ಎಲೆಗಳು, ಆಮೇಲೆ ಹಕ್ಕಿಗಳ ಹಿಕ್ಕೆ. "ಯಾರದ್ದಕ್ಕಾ ಇದು, ಹೀಗೆ ಬಿಟ್ಟು ಹೋಗಿದಾರೆ?" ಎಂದು ಗಿರಾಕಿಗಳು ಕೇಳಿದರೆ ಅವಳು ಏನಾದರೊಂದು ಹೇಳಿ ಮಾತು ಹಾರಿಸುತ್ತಿದ್ದಳು. ನಾದಿನಿ ಆ ವಿಷಯ ಎತ್ತಲೇ ಇಲ್ಲ. ಅಣ್ಣನಿಗೆ ಹೇಳಿಕೊಟ್ಟಿದ್ದರೂ ಪಾರ್ಲರಕ್ಕನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಹುಡುಗಿ ಮುಂಚಿನ ಹಾಗೆ ನಗುವುದನ್ನು ಬಿಟ್ಟಿದ್ದಳು. ಅತ್ತಿಗೆ ಯಾವುದಾದರೂ ತಮಾಷೆ ಶುರು ಮಾಡಿದರೆ "ಹೂಂ" ಎಂದು ಕೆಲಸ ನೋಡಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಪಾರ್ಲರಕ್ಕ ಊಟ ಮುಗಿಸಿ ಬಂದಾಗ ನಾದಿನಿ ಬಕೆಟ್ ಇಟ್ಟುಕೊಂಡು ಆ ಕಾರನ್ನು ಒರೆಸುತ್ತಿದ್ದಳು. ಮಡಚಿದ ಕನ್ನಡಿಯನ್ನು ಮೆಲ್ಲಗೆ ಬಿಡಿಸಿ ಸರಿಯಾಗಿ ನಿಲ್ಲಿಸಿದ್ದಳು. ಗಾಜು ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು.

"ನೀನ್ಯಾಕೆ ಒರೆಸ್ತಿದೀಯೇ?" ಎಂದಳು ಪಾರ್ಲರಕ್ಕ.

"ನಾನೂ ನಕ್ಕಿದ್ನಲ್ಲ ಅತ್ತಿಗೆ" ಎಂದಳು ಹುಡುಗಿ.

ಪಾರ್ಲರಕ್ಕನ ಮುಖದ ಮೇಲೆ ಹೊಡೆದ ಹಾಗಾಯಿತು. ಅಲ್ಲೇ ನಿಂತಿದ್ದರೆ ಅತ್ತುಬಿಡುತ್ತಿದ್ದಳೇನೋ. ಒಳಗೆ ಹೋಗಿ ಕೀ ತೆಗೆದುಕೊಂಡಳು, ಸ್ಕೂಟರ್ ಹತ್ತಿದಳು. ಹಸಿರು ಗೇಟು ಸಿಗುವವರೆಗೆ ಎಲ್ಲಿಯೂ ಹಾರ್ನ್ ಒತ್ತಲಿಲ್ಲ.

ಬಾಗಿಲು ತೆರೆದವರು ಬೈಂಡರು. ಕೀ ನೋಡಿ, ಕಾರು ತೆಗೆಯಿರಿ ಎಂದು ಹೇಳಲು ಬಂದಿದ್ದಾಳೆಂದುಕೊಂಡು, "ತಡವಾಯ್ತು, ತಪ್ಪು ತಿಳೀಬೇಡಿ" ಎಂದು ತಾವೇ ಕ್ಷಮೆ ಕೇಳಿದರು. ಒಳಗೆ ಕರೆದು ಕೂರಿಸಿದರು. ಚಿಕ್ಕ ಹಜಾರ, ಗೋಡೆಯುದ್ದಕ್ಕೂ ಅವರೇ ಬೈಂಡ್ ಮಾಡಿದ ಪುಸ್ತಕಗಳು. ವ್ಯಾನಮ್ಮ ಕಿಟಕಿಯ ಹತ್ತಿರ ಕೂತು ಬಟಾಣಿ ಸುಲಿಯುತ್ತಿದ್ದರು. ದನಿಯಿಂದಲೇ ಗುರುತು ಹಿಡಿದು, "ಓ, ಪಾರ್ಲರಿನವರು! ಬನ್ನಿ ಬನ್ನಿ" ಎಂದು ಮುಖ ಅರಳಿಸಿದರು.

ಆ ಅರಳಿದ ಮುಖ ನೋಡಿದ ಮೇಲೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. "ಅಮ್ಮಾ, ಅವತ್ತು ಸೇತುವೆ ಮೇಲೆ ಅಂದೋಳು ನಾನೇ" ಎಂದಷ್ಟೇ ಅಂದಳು.

ಬಟಾಣಿ ಸುಲಿಯುತ್ತಿದ್ದ ಕೈ ನಿಂತಿತು. ಬೈಂಡರು ತಲೆ ತಗ್ಗಿಸಿ ನೆಲ ನೋಡಿದರು, ತಪ್ಪು ತಮ್ಮದೇ ಏನೋ ಎಂಬಂತೆ.

"ಈ ದನಿ ಅಲ್ವಲ್ಲ ಅದು" ಎಂದರು ವ್ಯಾನಮ್ಮ.

"ನಾನೇ ಅಮ್ಮಾ."

"ಹಾಗಿದ್ರೆ ಅವತ್ತು ಅಂದಿದ್ದನ್ನ ಇನ್ನೊಂದ್ಸಲ ಅನ್ನಿ, ಕೇಳೋಣ. ಇಲ್ಲೇ, ಇವರ ಮುಂದೆ."

ಪಾರ್ಲರಕ್ಕ ತಲೆ ತಗ್ಗಿಸಿದಳು. ಎದುರಿಗೆ ಬೈಂಡರ ಚಪ್ಪಲಿಯಿಲ್ಲದ ಪಾದಗಳು ಕಾಣುತ್ತಿದ್ದವು. "ಆಗಲ್ಲ ಅಮ್ಮಾ" ಎಂದಳು.

"ಅವತ್ತು ಹೇಗಾಯ್ತು?"

ಪಾರ್ಲರಕ್ಕ ಕೈಯಲ್ಲಿದ್ದ ಕೀಯನ್ನು ತಿರುಗಿಸುತ್ತ ಕೂತಳು.

"ನಾನು ಮರೀತಾ ಬಂದಿದ್ದೆ" ಎಂದರು ಬೈಂಡರು, ನೆಲದಿಂದ ಕಣ್ಣೆತ್ತದೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಯಾಕೆ ಬಂದ್ರಿ ತಾಯೀ? ಮತ್ತೆ ಎಲ್ಲ ಎದ್ದು ಕೂತ ಹಾಗಾಯ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇದನ್ನು ಹೇಗೆ ತಡೆದುಕೊಳ್ಳುವುದೆಂದು ಅವಳಿಗೆ ತಿಳಿಯಲಿಲ್ಲ. ಕೀಯನ್ನು ಮೇಜಿನ ಮೇಲಿಟ್ಟು ಎದ್ದಳು.

"ಕೂತ್ಕೊಳ್ಳಿ" ಎಂದರು ವ್ಯಾನಮ್ಮ. "ನೀವು ಹೇಳ್ಬಿಟ್ಟು ಹಗುರ ಮಾಡ್ಕೊಂಡು ಹೋಗ್ತೀರಿ. ಇವರು ಮಾತ್ರ ಇನ್ನು ಸ್ಟೀರಿಂಗ್ ಮುಟ್ಟಲ್ಲ. ಆಸ್ಪತ್ರೆಗೆ ಹೋಗಬೇಕಾದೋಳು ನಾನು. ನಮಗೇನು ದಾರಿ?" ಸ್ವಲ್ಪ ಯೋಚಿಸಿ ಮುಂದುವರಿಸಿದರು. "ಹಿಂದಿನಿಂದ ಹಾರ್ನ್ ಬಿದ್ರೆ ಇವರಿಗೆ ಕೈಕಾಲೇ ಆಡಲ್ಲ. ಹಿಂದೆ ಇರೋರು ನಮ್ಮೋರೇ ಅಂತ ಗೊತ್ತಿದ್ರೆ ಓಡಿಸ್ತಾರೆ. ನೀವು ಸ್ಕೂಟರ್ ತಗೊಂಡು ನಮ್ಮ ಕಾರಿನ ಹಿಂದೆ ಬನ್ನಿ. ಇವರು ಎಷ್ಟು ನಿಧಾನಕ್ಕೆ ಹೋಗ್ತಾರೋ ಅಷ್ಟೇ ನಿಧಾನ."

"ಬೇಡ ಕಣೇ" ಎಂದರು ಬೈಂಡರು.

"ಬೇಕು" ಎಂದರು ವ್ಯಾನಮ್ಮ. ಬಟಾಣಿಯ ಸಿಪ್ಪೆಗಳನ್ನು ಮಡಿಲಿನಿಂದ ಕೊಡವಿಕೊಂಡು ಎದ್ದು, "ಚಪ್ಪಲಿ ಹಾಕ್ಕೊಳ್ಳಿ" ಎಂದು ಗಂಡನಿಗೆ ಹೇಳಿದರು. ಗಂಡ ಹೆಂಡತಿ ಟ್ಯಾಕ್ಸಿಯಲ್ಲಿ, ಪಾರ್ಲರಕ್ಕ ಸ್ಕೂಟರಿನಲ್ಲಿ, ಕಾರು ತರಲು ಹೊರಟರು.

ಪಾರ್ಲರಿನಿಂದ ಮನೆಯವರೆಗೆ ಆ ಕಾರು ಬಂದ ಬಗೆಯನ್ನು ಏನೆಂದು ಹೇಳುವುದು! ಸೈಕಲ್ಲುಗಳೂ ಅದನ್ನು ದಾಟಿ ಹೋದವು. ಪಾರ್ಲರಕ್ಕ ಎರಡೂ ಕಾಲು ನೆಲಕ್ಕೆ ಊರುತ್ತ, ಎತ್ತುತ್ತ, ಹಿಂದೆ ಬಂದಳು. ಸೇತುವೆಯ ಏರಿನಲ್ಲಿ ಕಾರು ಮತ್ತೆ ಆರಿತು. ಅವಳ ಹಿಂದೆ ಹಾರ್ನುಗಳು ಶುರುವಾದವು. ಅವು ಇಷ್ಟು ಜೋರಾಗಿರುತ್ತವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಬೆನ್ನಿಗೆ ಕಲ್ಲು ಬಿದ್ದಂತಾಗುತ್ತಿತ್ತು. ಸಾಮಾನು ಸಾಗಿಸುವ ವ್ಯಾನೊಂದು ಅವಳ ಪಕ್ಕಕ್ಕೆ ಬಂತು. ಒಳಗಿದ್ದವನು ಗಾಜಿಳಿಸಿ, "ಏ, ರಸ್ತೆ ನಿಮ್ಮಪ್ಪಂದಾ? ಓಡಿಸೋಕೆ ಬರದೇ ಇದ್ರೆ ತಳ್ಕೊಂಡು ಹೋಗು!" ಎಂದು ಕೂಗಿದ.

ಅವನಿಗೆ ಕೊಡಬೇಕಾದ ಉತ್ತರ ಅವಳ ಬಾಯಲ್ಲಿ ಆಗಲೇ ತಯಾರಾಗಿತ್ತು. ಅವನ ಬೋಳುತಲೆ, ಅವನ ಹಲ್ಲು, ಅವನ ಲಟಾರಿ ವ್ಯಾನು, ಎಲ್ಲವನ್ನೂ ಸೇರಿಸಿ, ಹತ್ತು ಜನ ನಗುವಂಥ ಉತ್ತರ. ಅದು ಅಷ್ಟು ಬೇಗ, ಅಷ್ಟು ಸಲೀಸಾಗಿ ಬಂದು ಕೂತಿದ್ದು ನೋಡಿ ಅವಳಿಗೆ ಹೇಸಿಗೆಯಾಯಿತು. ಆ ಹಜಾರದಲ್ಲಿ ನೆಲ ನೋಡುತ್ತ ಕೂತು ಬಂದು ಒಂದು ಗಂಟೆಯೂ ಆಗಿರಲಿಲ್ಲ.

"ಒಂದ್ನಿಮಿಷ ಅಣ್ಣಾ" ಎಂದಳು ಕೈಯೆತ್ತಿ. "ಹೊಸಬರು. ಈಗ ಹೊರಡ್ತಾರೆ."

ಅವನು ಇನ್ನೂ ಏನೋ ಅಂದು ಮುಂದೆ ಹೋದ. ಕಾರೊಳಗೆ ವ್ಯಾನಮ್ಮ ಏನೋ ಹೇಳುತ್ತಿದ್ದದ್ದು ಹಿಂದಿನ ಗಾಜಿನಿಂದ ಕಾಣುತ್ತಿತ್ತು. ಬೈಂಡರ ನರೆತಲೆ ಹೌದು ಹೌದೆಂದು ಆಡಿತು. ಇಂಜಿನ್ ಗುರುಗುಟ್ಟಿತು. ಕಾರು ಒಮ್ಮೆ ನಡುಗಿ, ಜಾರದೆ, ಏರು ಹತ್ತಿತು.

ಅಂದಿನಿಂದ ಆಸ್ಪತ್ರೆಯ ದಿನಗಳಲ್ಲೆಲ್ಲ ಅವಳು ಹಿಂದೆ ಹೋದಳು. ಪಾರ್ಲರನ್ನು ನಾದಿನಿ ನೋಡಿಕೊಂಡಳು. ಗಂಡನಿಗೂ ಎಲ್ಲ ಹೇಳಬೇಕಾಯಿತು. ಕೇಳಿ ಅವನು ನಗಲಿಲ್ಲ, ಬೈಯಲೂ ಇಲ್ಲ. "ನಿನ್ನನ್ನ ತಡೀದೆ, ನಂಗೆ ಬಸ್ಸೇ ಸರಿ ಅಂತ ಸುಮ್ನಿದ್ದೆನಲ್ಲ ನಾನು" ಎಂದಷ್ಟೇ ಅಂದ. ಬೈಂಡರು ಪ್ರತಿ ಸಲವೂ ಇಳಿದು ಬಂದು "ಉಪಕಾರ ಆಯ್ತು" ಎನ್ನುತ್ತಿದ್ದರು. ಅದು ಗುರುತಿಲ್ಲದವರಿಗೆ ಹೇಳುವಂಥ ಮಾತು. ಅವಳ ಮುಖ ನೋಡಿ ಒಮ್ಮೆಯೂ ಹೇಳಲಿಲ್ಲ.

ಒಂದು ದಿನ ಆಸ್ಪತ್ರೆಯ ಗೇಟಿನ ಹತ್ತಿರ ಅವರು, "ಇನ್ನು ಮೇಲೆ ಬರೋದು ಬೇಡ ತಾಯೀ. ನಾನೊಬ್ನೇ ಓಡಿಸಬಲ್ಲೆ ಅನ್ಸುತ್ತೆ" ಎಂದರು. ಪಾರ್ಲರಕ್ಕನಿಗೆ ಮೊದಲು ಆದದ್ದು ಖುಷಿ, ಶಾಲೆಯ ಗಂಟೆ ಹೊಡೆದಾಗ ಮಕ್ಕಳಿಗೆ ಆಗುವಂಥದ್ದು. ಅವರು ಚೆನ್ನಾಗಿ ಕಲಿತರೆಂಬ ಖುಷಿಯಲ್ಲ, ತನಗೆ ಬಿಡುಗಡೆಯಾಯಿತೆಂಬ ಖುಷಿ. ಅದು ತಿಳಿದೊಡನೆ ಅವಳಿಗೆ ಮತ್ತೆ ನಾಚಿಕೆಯಾಯಿತು. ಕೈಮುಗಿದು ಬಂದಳು.

ವ್ಯಾನಮ್ಮನ ಆಪರೇಷನ್ ಆಯಿತು. ಒಂದು ಕಣ್ಣಿಗೆ ಆಕಾರಗಳು ಕಾಣುವಷ್ಟಾಯಿತು ಎಂದು ಅವರ ತಂಗಿಯಿಂದ ತಿಳಿಯಿತು. ಕೆಲವು ತಿಂಗಳ ಮೇಲೆ, ಕೂದಲು ಕಿವಿಯ ಕೆಳಗಿಳಿದಾಗ, ಅವರು ಮತ್ತೆ ಪಾರ್ಲರಿಗೆ ಬಂದರು. ಬೈಂಡರು ಕಾರನ್ನು ಒಂದೇ ಸಲಕ್ಕೆ ಚರಂಡಿಯ ಅಂಚಿಗೆ ನೇರವಾಗಿ ನಿಲ್ಲಿಸಿದರು. ಪಾರ್ಲರಕ್ಕ ಓಡಿಹೋಗಿ ಬಾಗಿಲು ತೆರೆದು, ತನ್ನ ಕುರ್ಚಿಯನ್ನೇ ಒರೆಸಿ, ಬಟ್ಟೆ ಕೊಡವಿ ಹಿಡಿದುಕೊಂಡಳು.

ವ್ಯಾನಮ್ಮ ಕೂತರು. ದಪ್ಪ ಕನ್ನಡಕದೊಳಗಿಂದ, ಎದುರಿಗಿದ್ದ ಆಕಾರವನ್ನು ಒಂದು ಗಳಿಗೆ ನೋಡಿದರು.

"ಈ ಸಲ ಆ ಹುಡುಗಿ ಕತ್ತರಿಸ್ಲಿ" ಎಂದರು. ಮಾತಿನಲ್ಲಿ ಮುಳ್ಳಿರಲಿಲ್ಲ, ಮರ್ಯಾದೆಯೇ ಇತ್ತು. "ನೀವು ಬೇಜಾರು ಮಾಡ್ಕೋಬೇಡಿ."

"ಇಲ್ಲ ಅಮ್ಮಾ" ಎಂದಳು ಪಾರ್ಲರಕ್ಕ. ಬಟ್ಟೆಯನ್ನು ನಾದಿನಿಯ ಕೈಗೆ ಕೊಟ್ಟು ಪಕ್ಕಕ್ಕೆ ಸರಿದಳು. ಕತ್ತರಿಯ ಸದ್ದು ಶುರುವಾಯಿತು. ನರೆತ ಕೂದಲು ತುಣುಕು ತುಣುಕಾಗಿ ನೆಲಕ್ಕೆ ಬೀಳುತ್ತಿತ್ತು. ಅವಳು ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು, ಅವರ ಕಾಲಿಗೆ ತಾಗದ ಹಾಗೆ, ಬಗ್ಗಿ ಗುಡಿಸತೊಡಗಿದಳು.